ಫೈಲು ಜಾಗ ಬದಲಿಸಿದ ಮೇಲೆ ಕಾಮೆಂಟುಗಳ ಗತಿ

ಪ್ರಶ್ನೆ: ಅಡಿಕೆ ಖರೀದಿಯ ಲೆಕ್ಕ ಇಡುವ ತಂತ್ರಾಂಶವೊಂದರ ಫೈಲುಗಳನ್ನು ಹೊಸ ಫೋಲ್ಡರುಗಳಿಗೆ ವಿಂಗಡಿಸಿದೆ. ಪ್ರೋಗ್ರಾಂ ಸರಿಯಾಗಿಯೇ ಓಡುತ್ತಿದೆ. ಆದರೆ ‘ತೂಕದ ಕಡಿತಕ್ಕೆ ಕಾಮನ್ ಫೋಲ್ಡರಿನ ರೇಟ್ ಫೈಲು ನೋಡಿ’ ಎಂಬಂತಹ ಕಾಮೆಂಟುಗಳು (ಕೋಡ್ ಓದುವವರಿಗಾಗಿ ಬರೆದ ಟಿಪ್ಪಣಿಗಳು) ಹಾಗೆಯೇ ಉಳಿದಿವೆ. ಸರಿಪಡಿಸುವ ಕ್ರಮವೇನು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಇನ್ನೊಂದು ಫೈಲನ್ನು ಕರೆತರುವ ಇಂಪೋರ್ಟ್ ಸಾಲಿನಲ್ಲಿ ವಿಳಾಸ ತಪ್ಪಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಕಾಮೆಂಟಿನಲ್ಲಿ ತಪ್ಪಿದ್ದರೆ ಕೋಡನ್ನು ಯಂತ್ರಭಾಷೆಗೆ ಮಾರ್ಪಡಿಸುವ ಕಂಪೈಲರಿಗೆ ಅದರ ಗೊಡವೆಯೇ ಇಲ್ಲ. ಆದ್ದರಿಂದ ಹಳೆಯ ಫೋಲ್ಡರಿನ ಹೆಸರನ್ನೂ, ಫೈಲಿನ ಹೆಸರನ್ನೂ ಬೇರೆಬೇರೆಯಾಗಿ ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್ ತಂತ್ರಾಂಶದ ಹುಡುಕುವ ಆಜ್ಞೆಯಾದ ‘ಗಿಟ್ ಗ್ರೆಪ್’ ಮೂಲಕ ಇಡೀ ರೆಪೊಸಿಟರಿಯಲ್ಲಿ (ಕೋಡಿನ ಸಂಗ್ರಹದಲ್ಲಿ) ಹುಡುಕಿ. ರೀಡ್‌ಮಿ, ಎಸ್‌ಕ್ಯೂಎಲ್, ಕಾನ್ಫಿಗ್ ಫೈಲುಗಳನ್ನು ಬಿಡಬೇಡಿ.

ಹುಡುಕಾಟದಿಂದ ಬಗೆಹರಿಯದವು ಎರಡು ಬಗೆಯವು, ನನಗೆ ಹೆಚ್ಚು ಆತಂಕವಿರುವುದು ಇವುಗಳ ಬಗ್ಗೆಯೇ. ‘ಇದೇ ಫೋಲ್ಡರಿನಲ್ಲಿರುವ’, ‘ಪಕ್ಕದ ಫೈಲಿನಂತೆಯೇ’ ಎಂದು ಬರೆದ ಕಾಮೆಂಟಿನಲ್ಲಿ ಯಾವ ಹೆಸರೂ ಇರುವುದಿಲ್ಲವಾದ್ದರಿಂದ, ಸರಿಸಿದ ಪ್ರತಿಯೊಂದು ಫೈಲನ್ನೂ ಒಮ್ಮೆ ಕಣ್ಣಾರೆ ಓದಲೇಬೇಕು. ಇನ್ನೊಂದು, ಹಳೆಯ ಜಾಗದಲ್ಲಿ ಮುಂದೆ ಯಾರಾದರೂ ಅದೇ ಹೆಸರಿನ ಬೇರೆ ಫೈಲನ್ನು ಇಟ್ಟರೆ ಕಾಮೆಂಟು ಸರಿಯಾಗಿಯೇ ಇರುವಂತೆ ತೋರುತ್ತದೆ, ಓದಿದವರು ತಪ್ಪು ಕಡಿತದ ಸೂತ್ರವನ್ನು ನಂಬಿಬಿಡುತ್ತಾರೆ.

ಕಾಮೆಂಟಿನಲ್ಲಿ ವಿಳಾಸದ ಬದಲು ಫಂಕ್ಷನ್ನಿನ (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡಿನ ತುಣುಕಿನ) ಹೆಸರನ್ನು ಬರೆಯಿರಿ. ನಮ್ಮಲ್ಲಿ 1956ಕ್ಕಿಂತ ಹಿಂದಿನ ಆಸ್ತಿಪತ್ರಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದಿದ್ದುದು ಆಮೇಲೆ ಕಣ್ಣೂರಾಗಿ, 1984ರ ಬಳಿಕ ಕಾಸರಗೋಡಾಯಿತು. ತೋಟ ಇದ್ದಲ್ಲೇ ಇದೆ, ಅದನ್ನು ಗುರುತಿಸಿಕೊಡುವುದು ಚಕ್ಕುಬಂದಿ. ಫಂಕ್ಷನ್ನಿನ ಹೆಸರು ಅಂತಹ ಚಕ್ಕುಬಂದಿ. ಫೈಲಿನ ತಲೆಯಲ್ಲಿ ಅದರದೇ ಹೆಸರು ಬರೆದಿದ್ದರೆ ಅಳಿಸಿಬಿಡಿ: ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಯಾವ ಕೆಲಸ ಯಾವಾಗ ಓಡಬೇಕೆಂದು ನಿರ್ಧರಿಸುವ ಶೆಡ್ಯೂಲರಿನ ಮುಖ್ಯ ಫೈಲನ್ನು 2011ರಲ್ಲಿ ಪ್ರತ್ಯೇಕ ಫೋಲ್ಡರಿಗೆ ಸರಿಸಿ ‘ಕೋರ್’ ಎಂದು ಹೆಸರಿಟ್ಟರು, ಮತ್ತು ಅಲ್ಲಿನ ಪ್ಯಾಚ್ (ಕೋಡಿನ ತಿದ್ದುಪಡಿ) ಪರೀಕ್ಷಿಸುವ ಸ್ಕ್ರಿಪ್ಟು ಫೈಲಿನೊಳಗೆ ಅದರದೇ ಹೆಸರು ಕಂಡರೆ ಎಚ್ಚರಿಸುತ್ತದೆ.

ಗಿಟ್ ಫೈಲು ಸರಿಸಿದ್ದನ್ನು ದಾಖಲಿಸಿಡುವುದಿಲ್ಲ. ಹಳೆಯ, ಹೊಸ ಫೈಲುಗಳ ಹೋಲಿಕೆ ಶೇ 50ರಷ್ಟಾದರೂ ಇದ್ದರೆ ಸರಿಸಿದ್ದೆಂದು ಊಹಿಸಿಕೊಳ್ಳುತ್ತದೆ, ಜೊತೆಗೇ ತುಂಬ ತಿದ್ದಿದರೆ ಆ ಊಹೆ ತಪ್ಪಬಹುದು. ಆದುದರಿಂದ ಫೈಲು ಸರಿಸುವುದಕ್ಕೆ ಒಂದು ಕಮಿಟ್ (ಗಿಟ್‌ನಲ್ಲಿ ಉಳಿಸಿದ ಒಂದು ಬದಲಾವಣೆ), ಅದರ ಬೆನ್ನಿಗೇ ಕಾಮೆಂಟುಗಳ ತಿದ್ದುಪಡಿಗೆ ಇನ್ನೊಂದು ಕಮಿಟ್ ಇರಲಿ. ಎರಡನ್ನೂ ಒಟ್ಟಿಗೇ ಪರಿಶೀಲನೆಗೆ ಕಳುಹಿಸಿ. ನೀವು ಈಗಾಗಲೇ ಫೈಲುಗಳನ್ನು ಸರಿಸಿ ಆಗಿರುವುದರಿಂದ ತೂಕ, ದರ, ಬಾಕಿ ಇವುಗಳ ಲೆಕ್ಕ ಇರುವ ಫೈಲುಗಳಿಂದ ತಿದ್ದಲು ತೊಡಗಿ.