ಹಿತ್ತಲ ಹಕ್ಕಿ: ಹೊಸ ಬಾತು ತಂದರೆ ಹಳೆಯವು ಸುಮ್ಮನಿರುತ್ತವೆಯೇ?

ಪ್ರಶ್ನೆ: ಮೇಡಂ, ನಮ್ಮದು ಅಡಿಕೆ ತೋಟದ ಮನೆ. ಮಕ್ಕಳ ಆಸೆಗೆ ಸಾಕಿದ ಖಾಕಿ ಕ್ಯಾಂಪ್‌ಬೆಲ್ ಬಾತು ನಾಲ್ಕಿದ್ದವು. ಹೋದ ತಿಂಗಳು ಒಂದನ್ನು ನಾಯಿ ಹಿಡಿಯಿತು. ಈಗ ಒಂದು ಗಂಡು, ಎರಡು ಹೆಣ್ಣು ಉಳಿದಿವೆ. ಸಂತೆಗೆ ಬಿಳಿ ಬಾತು ಬರುತ್ತಿವೆ, ಮಾರುವವನು ಜೋಡಿಯಾಗಿಯೇ ಕೊಡುತ್ತೇನೆ ಎನ್ನುತ್ತಾನೆ. ನಮ್ಮವರು ‘ಒಂದು ಸಾಕು’ ಅನ್ನುತ್ತಾರೆ. ನನ್ನ ಹೆದರಿಕೆಯೇ ಬೇರೆ. ಹಳೆಯ ಮೂರೂ ಸೇರಿ ಹೊಸದನ್ನು ಕಚ್ಚಿ ಸಾಯಿಸಿದರೆ? ರಾತ್ರಿ ಮಲಗಿದ ಮೇಲೆ ಮೆಲ್ಲಗೆ ಗೂಡಿನೊಳಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹೊಂದಿಕೊಳ್ಳುತ್ತವೆ ಎನ್ನುತ್ತಾರೆ ನಮ್ಮತ್ತೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಜಗಳದ ಚಿಂತೆ ಆಮೇಲೆ ಮಾಡೋಣ. ಪಶು ಆಸ್ಪತ್ರೆಯಲ್ಲಿ ಇದ್ದಷ್ಟು ಕಾಲ ನಾನು ನೋಡಿದ್ದು ಇದು: ಹೊಸ ಬಾತು ತಂದು ಹಳೆಯದನ್ನು ಕಳೆದುಕೊಂಡವರೇ ಹೆಚ್ಚು, ಹಳೆಯವು ಹೊಸದನ್ನು ಕೊಂದವು ಎಂದು ಬಂದವರು ಅಪರೂಪ. ಸಂತೆಯಿಂದ ಹಕ್ಕಿಯ ಜತೆಗೇ ರೋಗವೂ ಬರುತ್ತದೆ.

ಬಾತಿಗೆ ಬರುವ ಪ್ಲೇಗ್ ಒಂದು ವೈರಸ್ ರೋಗ (ಇಲಿಯ ಪ್ಲೇಗ್ ಅಲ್ಲ, ನಿಮಗೆ ಅಂಟುವುದಿಲ್ಲ). ಕಣ್ಣಲ್ಲಿ ನೀರು, ಹಸಿರು ಮಿಶ್ರಿತ ನೀರುಭೇದಿ, ರೆಕ್ಕೆ ಜೋಲು ಬಿಟ್ಟು ಕೂರುವುದು, ಬೆಳಕಿಗೆ ಮುಖ ಕೊಡದಿರುವುದು ಇದರ ಲಕ್ಷಣ. ಔಷಧಿ ಇಲ್ಲ. ರೋಗ ಬಂದು ಬದುಕಿ ಉಳಿದ ಹಕ್ಕಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಬಹಳ ಕಾಲ ನೀರಿನಲ್ಲಿ ವೈರಸ್ ಬಿಡುತ್ತಿರಬಲ್ಲದು. ಹಾಗಾಗಿ ಸಂತೆಯ ಬುಟ್ಟಿಯಲ್ಲಿ ಹತ್ತು ಕಡೆಯ ಹಕ್ಕಿಗಳ ಜತೆ ಕೂತದ್ದಕ್ಕಿಂತ, ನೀವು ಹೋಗಿ ಕಣ್ಣಾರೆ ನೋಡಬಹುದಾದ ಮನೆಯ ಹಕ್ಕಿ ಎಷ್ಟೋ ವಾಸಿ. ಮರಿಗಳೇ ಆದರೂ ಪರವಾಗಿಲ್ಲ ಎನ್ನುವುದಾದರೆ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ವಿಚಾರಿಸಿ. ಖಾಕಿ ಕ್ಯಾಂಪ್‌ಬೆಲ್, ಬಿಳಿ ಪೆಕಿನ್ ಎರಡನ್ನೂ ಅಲ್ಲಿ ಸಾಕಿ ಮರಿ ಕೊಡುತ್ತ ಬಂದಿದ್ದಾರೆ. ಆದರೆ ಮರಿಗಳನ್ನು ದೊಡ್ಡವುಗಳ ಜತೆ ಬಿಡಲು ಅವು ಹೆಚ್ಚುಕಡಿಮೆ ಅದೇ ಗಾತ್ರಕ್ಕೆ ಬರುವವರೆಗೆ ಕಾಯಬೇಕು.

ಎಲ್ಲಿಂದ ತಂದರೂ ಒಂದು ತಿಂಗಳು ಬೇರೆ ಇಡಿ. ಬೇರೆ ಅಂದರೆ ಅದೇ ಅಂಗಳದ ಇನ್ನೊಂದು ಮೂಲೆಯಲ್ಲ, ಕೊಟ್ಟಿಗೆಯ ಆಚೆಗೆ. ಹೊಸವುಗಳ ನೀರು ಹರಿದು ಹಳೆಯವು ಈಜುವ ಗುಂಡಿಗೆ ಬರಬಾರದು. ನಿಮ್ಮಲ್ಲಿ ತೋಟದ ಬಸಿಗಾಲುವೆ ಇದ್ದೇ ಇರುತ್ತದೆ, ಯಾವ ಕಡೆ ಇಳಿಜಾರು ಎಂದು ಮೊದಲು ನೋಡಿ, ಹೊಸವನ್ನು ಕೆಳಗಿನ ಬದಿಗೆ ಇಡಿ. ಬೆಳಿಗ್ಗೆ ಹಳೆಯವಕ್ಕೆ ಮೊದಲು ತಿಂಡಿ ಹಾಕಿ ಆಮೇಲೆ ಹೊಸವುಗಳ ಹತ್ತಿರ ಹೋಗಿ. ಬಕೆಟ್ಟು, ಚಪ್ಪಲಿ ಬೇರೆ ಇರಲಿ. ಪ್ಲೇಗಿಗೆ ಲಸಿಕೆ ಇದೆ, ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳ ವಯಸ್ಸಿನಲ್ಲಿ ಹಾಕುತ್ತಾರೆ. ಒಂದು ಸೀಸೆ ಒಡೆದರೆ ಹತ್ತಾರು ಹಕ್ಕಿಗೆ ಆಗುವುದರಿಂದ ಮೂರು ಬಾತಿಗೆಂದು ಕೇಳಿದರೆ ಡಾಕ್ಟರು ಹಿಂದೆಮುಂದೆ ನೋಡಬಹುದು. ಅಕ್ಕಪಕ್ಕದಲ್ಲಿ ಸಾಕಿದವರಿದ್ದರೆ ಒಟ್ಟಿಗೆ ಹೋಗಿ.

ಇನ್ನು ಆ ‘ಜೋಡಿ’. ಬೇಡ. ಒಂದು ಗಂಡಿಗೆ ನಾಲ್ಕಾರು ಹೆಣ್ಣು ಇದ್ದರೆ ಹಿತ್ತಲು ಶಾಂತ. ಜೋಡಿ ತಂದರೆ ಎರಡು ಗಂಡಿಗೆ ಮೂರು ಹೆಣ್ಣಾಗುತ್ತದೆ. ಸಂತೆಯ ಬಿಳಿ ಬಾತು ಪೆಕಿನ್ ತಳಿಯದಾದರೆ ಅದರ ಗಂಡು ಮೂರು ಕಿಲೋ ದಾಟುತ್ತದೆ, ನಿಮ್ಮ ಖಾಕಿ ಹೆಣ್ಣು ಎರಡು ಕಿಲೋ ಆಸುಪಾಸು. ಅದು ಮೇಲೇರಿ ಏರಿ ಹೆಣ್ಣಿನ ಕುತ್ತಿಗೆಯ ಹಿಂದಿನ ಗರಿ ಕಿತ್ತು ಬೋಳಾಗುತ್ತದೆ, ಬೆನ್ನು ಗಾಯವಾಗುತ್ತದೆ, ನೀರಿನಲ್ಲಾದರೆ ಮುಳುಗಿ ಸಾಯುವುದೂ ಉಂಟು. ಎರಡು ಹೆಣ್ಣನ್ನೇ ಕೇಳಿ ತನ್ನಿ. ನಿಮ್ಮವರ ‘ಒಂದು ಸಾಕು’ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ: ಒಂಟಿ ಹಕ್ಕಿಗೆ ಬೇರೆ ಇಟ್ಟ ತಿಂಗಳಲ್ಲೂ ಜತೆ ಇಲ್ಲ, ಹೊರಬಿಟ್ಟ ಮೇಲೆ ಎಲ್ಲ ಪೆಟ್ಟೂ ಅದಕ್ಕೇ.

ಬಿಳಿ ಬಾತಿನಲ್ಲಿ ಬಣ್ಣದಿಂದ ಗಂಡು-ಹೆಣ್ಣು ತಿಳಿಯುವುದಿಲ್ಲ. ಬಾಲದ ಮೇಲೆ ಸುರುಳಿ ಸುತ್ತಿದ ಗರಿ ಗಂಡಿಗೆ ಇರುತ್ತದೆ, ಗರಿ ಉದುರುವ ಕಾಲದಲ್ಲಿ ಅದೂ ಇರುವುದಿಲ್ಲ, ಮಾರುವವನು ಕಿತ್ತಿದ್ದರೂ ಇರುವುದಿಲ್ಲ. ಕೈಯಲ್ಲಿ ಎತ್ತಿ ಹಿಡಿದು ಕೂಗಿಸಿ. ಕಿವಿಗಡಚಿಕ್ಕುವಂತೆ ‘ಕ್ವಾಕ್ ಕ್ವಾಕ್’ ಎಂದರೆ ಹೆಣ್ಣು. ಗಂಟಲು ಕಟ್ಟಿದವರಂತೆ ಪಿಸುಗುಟ್ಟಿದರೆ ಗಂಡು. ಎರಡು ತಿಂಗಳು ದಾಟಿದ ಹಕ್ಕಿಯಲ್ಲಿ ಈ ಪರೀಕ್ಷೆ ಸಾಕು.

ನಿಮ್ಮತ್ತೆ ಹೇಳಿದ್ದು ಕೋಳಿಯ ವಿದ್ಯೆ. ಕೋಳಿಗೆ ಕತ್ತಲಾದರೆ ಕಣ್ಣು ಕಾಣುವುದಿಲ್ಲ, ಅಡ್ಡಗೋಲಿನ ಮೇಲೆ ಕೂತಲ್ಲೇ ಇರುತ್ತದೆ. ಬಾತು ನೆಲದಲ್ಲಿ ಮಲಗುತ್ತದೆ, ರಾತ್ರಿಯೂ ಅರೆ ಎಚ್ಚರ. ಖಾಕಿ ಕ್ಯಾಂಪ್‌ಬೆಲ್ ಅಂತೂ ಎಲೆ ಬಿದ್ದರೂ ಬೆಚ್ಚುವ ಜಾತಿ. ಕತ್ತಲಲ್ಲಿ ಅಪರಿಚಿತ ಹಕ್ಕಿ ಒಳಗೆ ಬಂದರೆ ಎಲ್ಲವೂ ಗಾಬರಿಯಿಂದ ಗೋಡೆಗೆ ನುಗ್ಗುತ್ತವೆ, ಯಾವುದಾದರೊಂದರ ಕಾಲು ಉಳುಕುತ್ತದೆ. ಬಾತಿನ ಕಾಲು ಬಹಳ ನಾಜೂಕು.

ತಿಂಗಳು ಕಳೆದ ಮೇಲೆ ನಡುವೆ ತಂತಿ ಜಾಲರಿ ಕಟ್ಟಿ ಒಂದು ವಾರ ಎದುರುಬದುರು ಇಡಿ. ತೌಡು-ನುಚ್ಚಿನ ತಟ್ಟೆಗಳನ್ನು ಜಾಲರಿಯ ಎರಡೂ ಬದಿಗೆ, ಪಕ್ಕಪಕ್ಕದಲ್ಲೇ ಇಡಿ. ಆಮೇಲೆ ಒಂದು ಬೆಳಿಗ್ಗೆ, ನೀವು ಮನೆಯಲ್ಲೇ ಇರುವ ದಿನ, ಎರಡು ಗುಂಪನ್ನೂ ತೋಟಕ್ಕೆ ಬಿಡಿ, ಹಳೆಯವುಗಳ ಗೂಡಿನ ಎದುರಲ್ಲಿ ಬೇಡ. ಮರದ ಬುಡದಲ್ಲಿ ಬಸವನಹುಳು ಹುಡುಕುವುದರಲ್ಲಿ ಅರ್ಧ ಜಗಳ ಮರೆತು ಹೋಗುತ್ತದೆ. (ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದ ದಿನಗಳಲ್ಲಿ ಮಾತ್ರ ತೋಟಕ್ಕೆ ಬಿಡಲೇಬೇಡಿ, ಮೈಲುತುತ್ತದ ನೀರು ನಿಂತಿರುತ್ತದೆ.)

ಅಟ್ಟಿಸಿಕೊಂಡು ಹೋಗುವುದು, ಎದೆಗೆ ಎದೆ ಒತ್ತಿ ನೂಕುವುದು, ಗರಿ ಹಿಡಿದು ಎಳೆಯುವುದು ಇವೆಲ್ಲ ಇರುತ್ತವೆ. ನಿಮ್ಮ ಹೆಣ್ಣುಗಳನ್ನು ಗಮನಿಸಿ ನೋಡಿ, ಮಜವಾಗಿರುತ್ತದೆ: ಹೊಸಬಳ ಕಡೆಗೆ ಭುಜದ ಮೇಲಿಂದ ತಲೆ ಆಡಿಸುತ್ತ, ಗೊಣಗುತ್ತ, ಗಂಡಿನ ಹತ್ತಿರ ಓಡಿ ಹೋಗುತ್ತವೆ. ‘ಇವಳನ್ನು ಓಡಿಸು’ ಎಂದು ಚಾಡಿ ಹೇಳುವ ರೀತಿ ಅದು. ಕೆಲವು ದಿನ, ಹೆಚ್ಚೆಂದರೆ ಎರಡು ವಾರದಲ್ಲಿ ಇಳಿಯುತ್ತದೆ. ನೀವು ನಡುವೆ ಬಾಯಿ ಹಾಕಬೇಕಾದ್ದು ರಕ್ತ ಕಂಡಾಗ, ಅಥವಾ ಹೊಸದು ತಟ್ಟೆಯ ಹತ್ತಿರ ಬರಲಾಗದೆ ಮೂಲೆ ಹಿಡಿದಾಗ. ಆಗ ಪೆಟ್ಟು ತಿಂದದ್ದನ್ನಲ್ಲ, ಹೊಡೆಯುವುದನ್ನು ಎರಡು ದಿನ ಬೇರೆ ಕೂಡಿ ಹಾಕಿ. ತಿಂಡಿ, ನೀರು ಎರಡೆರಡು ಕಡೆ ಇರಲಿ, ಒಂದು ತಟ್ಟೆಯಿಂದ ಇನ್ನೊಂದು ಕಾಣದಂತೆ ನಡುವೆ ಹಲಗೆ ನಿಲ್ಲಿಸಿ. ನೀರಿನ ಪಾತ್ರೆ ಕೊಕ್ಕಿನ ಹೊಳ್ಳೆ, ಕಣ್ಣು ಮುಳುಗುವಷ್ಟು ಆಳವಿರಬೇಕು.

ಕಡಲೆಹಿಂಡಿ ಹಾಕುವವರಾದರೆ ಮಳೆಗಾಲದಲ್ಲಿ ಮೂಸಿ ನೋಡಿ ಹಾಕಿ. ಬೂಷ್ಟು ಹಿಡಿದ ಹಿಂಡಿಯ ವಿಷಕ್ಕೆ ಬಾತಿನಷ್ಟು ಬೇಗ ಬಲಿಯಾಗುವ ಸಾಕುಹಕ್ಕಿ ಇನ್ನೊಂದಿಲ್ಲ. ಅದಕ್ಕೆ ಸತ್ತರೂ ಜನ ಹೊಸ ಹಕ್ಕಿಯ ಮೇಲೆ ತಪ್ಪು ಹೊರಿಸುತ್ತಾರೆ.

ಪ್ರಶ್ನೆ: ಭತ್ತ ಕೊಯ್ದ ಗದ್ದೆಗಳಲ್ಲಿ ಬಾತಿನ ಹಿಂಡು ಮೇಯಿಸುತ್ತ ಬರುವವರು ಕಡಿಮೆ ಬೆಲೆಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಮನೆಯ ಐದು ಬಾತಿನ ಜತೆ ಸೇರಿಸಲೇ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಸಾರಿಗಾದರೆ ಕೊಳ್ಳಿ, ಸೇರಿಸಬೇಡಿ. ಹಿಂಡಿನವರು ಸಾಮಾನ್ಯವಾಗಿ ಮಾರುವುದು ಮೊಟ್ಟೆ ಇಡುವುದು ಕಡಿಮೆಯಾದ ಹಕ್ಕಿಗಳನ್ನು. ಊರೂರಿನ ಗದ್ದೆ ನೀರು ಕುಡಿದು ಬಂದ ಹಕ್ಕಿ ಏನು ಹೊತ್ತು ತಂದಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಹಕ್ಕಿಜ್ವರದ ವೈರಸ್ಸು ಹೊತ್ತೂ ಬಾತು ಕಾಯಿಲೆಯೇ ತೋರದೆ ಓಡಾಡಬಲ್ಲದು. 2014ರಲ್ಲಿ ಕೇರಳದ ಕುಟ್ಟನಾಡಿಗೆ ಹಕ್ಕಿಜ್ವರ ಬಂದಾಗ ಲಕ್ಷಕ್ಕೂ ಹೆಚ್ಚು ಬಾತು ಕೊಲ್ಲಬೇಕಾಯಿತು.

ಪ್ರಶ್ನೆ: ಮುಖದ ಮೇಲೆ ಕೆಂಪು ಗಂಟಿರುವ ಮಸ್ಕೊವಿ ಗಂಡನ್ನು ನಮ್ಮ ಸಾದಾ ಬಾತುಗಳ ಜತೆ ಬಿಟ್ಟಿದ್ದೇನೆ. ಮರಿ ಆಗುತ್ತವೆಯೇ?
– ಓದುಗರೊಬ್ಬರು, ಬಂಟ್ವಾಳ

ಉತ್ತರ: ಆಗಬಹುದು, ಆದರೆ ಆ ಮರಿಗಳಿಗೆ ಮುಂದೆ ಮರಿ ಆಗುವುದಿಲ್ಲ. ಮಸ್ಕೊವಿ ಬೇರೆಯೇ ಪ್ರಭೇದ. ಸಾದಾ ಬಾತಿನ ಮೊಟ್ಟೆ 28 ದಿನಕ್ಕೆ ಒಡೆದರೆ ಮಸ್ಕೊವಿಯದು ಸುಮಾರು 35 ದಿನ, ಬೆರಕೆಯದು ಇವೆರಡರ ನಡುವೆ. ಆದ್ದರಿಂದ 28ಕ್ಕೆ ಒಡೆಯಲಿಲ್ಲವೆಂದು ಮೊಟ್ಟೆ ಎಸೆಯಬೇಡಿ.