ಯಾವ ನಾಯಿ ತರೋಣ? ಶಿರಸಿ ಕಡೆಯ ಒಂದು ಮನೆಯ ಪ್ರಕರಣ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಊರಿನ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

ಮೊದಲು ಫೋನ್ ಮಾಡಿದ್ದು ಅಪ್ಪ. "ಮಗ 8 ದಿನದಿಂದ ನಮ್ಮ ಹತ್ತಿರ ಮಾತಾಡ್ತಾ ಇಲ್ಲ ಮೇಡಂ. ಶಾಲೆಯಿಂದ ಬಂದವ ಸೀದಾ ಮೆತ್ತಿ (ಮಹಡಿ) ಹತ್ತಿ ಹೋಗ್ತಾನೆ. ಊಟಕ್ಕೆ ಕರೆದರೂ ಇಳಿಯೋದಿಲ್ಲ." ಏನಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಒಂದು ನಾಯಿ ವಿಷಯ" ಅಂದರು.

ಮನೆ ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಸುತ್ತ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರ. ಅಪ್ಪ ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಲ್ಲೇ ಕೂತು ಮಾಡುತ್ತಾರೆ, ಜೊತೆಗೆ ತೋಟವೂ ಇದೆ. ಕೊರೋನಾ ಸಮಯದಲ್ಲಿ ಊರಿಗೆ ಬಂದವರು ಇಲ್ಲೇ ಉಳಿದರು. ಮನೆಯಲ್ಲಿ ಆಯಿ (ಅಮ್ಮ), 12 ವರ್ಷದ ಮಾಣಿ (ಹುಡುಗ), 4 ವರ್ಷದ ಕೂಸು ಮತ್ತು ಅಜ್ಜಿ. ಅಜ್ಜಿಗೆ 76. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದಿತ್ತು. ಈಗ ಕೋಲು ಹಿಡಿದು ನಡೆಯುತ್ತಾರೆ.

ಮಾಣಿಗೆ ಹಸ್ಕಿ ನಾಯಿ ಬೇಕಿತ್ತು. ಅಪ್ಪ ಫೋನಿನಲ್ಲೇ ಒಬ್ಬರಿಗೆ ಮುಂಗಡ ಕಳಿಸಿದ್ದರು. ವಿಷಯ ಗೊತ್ತಾದ ದಿನ ಆಯಿ ಅದನ್ನು ನಿಲ್ಲಿಸಿದರು. ದುಡ್ಡು ವಾಪಸ್ ಬರಲಿಲ್ಲ. ಗಂಡ ಹೆಂಡತಿಗೆ ಜಗಳವಾಯಿತು, ಮಗ ಮೌನಕ್ಕೆ ಬಿದ್ದ.

ಮೊದಲ ಭೇಟಿಯಲ್ಲಿ ನಾಲ್ವರು ಬಂದಿದ್ದರು, ಅಜ್ಜಿ ಮನೆಯಲ್ಲೇ ಉಳಿದಿದ್ದರು. ಯಾರಿಗೆ ಏನು ಬೇಕು ಎಂದು ಒಬ್ಬೊಬ್ಬರನ್ನೇ ಕೇಳಿದೆ. ಅಪ್ಪನಿಗೆ ಕಾವಲಿಗೆ ಗಟ್ಟಿ ನಾಯಿ ಬೇಕು. ಹಸ್ಕಿ ಇಲ್ಲದಿದ್ದರೆ ರಾಟ್‌ವೀಲರ್ ಅಥವಾ ಜರ್ಮನ್ ಶೆಫರ್ಡ್. ಕೂಸಿಗೆ ಬಿಳಿ ಮರಿ ಬೇಕು. ಆಯಿ, "ನನಗೆ ಯಾವುದೂ ಬೇಡ ಅಕ್ಕಾ" ಎಂದಷ್ಟೇ ಹೇಳಿದರು.

ಮಾಣಿಯ ಜೊತೆ ಬೇರೆಯಾಗಿ ಕೂತೆ. ಹಸ್ಕಿಯೇ ಯಾಕೆ ಎಂದು ಕೇಳಿದೆ. ನೀಲಿ ಕಣ್ಣು, ತೋಳದ ಹಾಗೆ ಕೂಗುತ್ತದೆ ಅಂತೆಲ್ಲ ಹೇಳಿದ. ಮತ್ತೆ ನಿಧಾನಕ್ಕೆ ಇನ್ನೊಂದು ಮಾತು ಬಂತು. ಬೆಂಗಳೂರಿನ ಗೆಳೆಯರು ಪ್ರತಿ ರಜೆಗೆ ಬರುತ್ತೇವೆ ಎನ್ನುತ್ತಾರಂತೆ, ಬರುವುದಿಲ್ಲವಂತೆ. "ಹಸ್ಕಿ ಇದ್ದರೆ ನೋಡೋಕಾದರೂ ಬರ್ತಾರೆ." ನಾಲ್ಕು ವರ್ಷದಿಂದ ಈ ಹುಡುಗ ಯಾರದೋ ದಾರಿ ಕಾಯುತ್ತಿದ್ದಾನೆ. ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಹೇಳಲೇ ಎಂದು ಕೇಳಿದೆ. ಅಪ್ಪನಿಗೆ ಮಾತ್ರ ಹೇಳಿ ಅಂದ.

ಎರಡನೇ ಭೇಟಿಯಲ್ಲಿ ಅಪ್ಪ, ಆಯಿ, ಮಾಣಿ ಮೂವರಿಗೂ ಒಂದೊಂದು ಹಾಳೆ ಕೊಟ್ಟೆ. ನಿನ್ನೆಯ ದಿನವನ್ನು ಗಂಟೆ ಗಂಟೆಯಾಗಿ ಬರೆಯಿರಿ ಎಂದೆ. ಮಾಣಿಯ ಹಾಳೆಯಲ್ಲಿ ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಒಂದೂವರೆ ಗಂಟೆ ಖಾಲಿ ಇತ್ತು. ಅಪ್ಪನಿಗೆ ಬೆಳಿಗ್ಗೆ ತೋಟ, 10ರಿಂದ 7ರ ತನಕ ಕಂಪ್ಯೂಟರ್. ಆಯಿಯ ಹಾಳೆಯಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10:30ರವರೆಗೆ ಒಂದೂ ಜಾಗ ಖಾಲಿ ಇರಲಿಲ್ಲ. ಕೊಟ್ಟಿಗೆ, ಹಾಲು, ತಿಂಡಿ, ಅಜ್ಜಿಯ ಸ್ನಾನ, ಆಳುಗಳ ಊಟ, ಕೂಸು, ಮತ್ತೆ ಕೊಟ್ಟಿಗೆ.

ಆಮೇಲೆ ನಾಯಿಯ ಕೆಲಸ ಹೇಳಿದೆ. ಬೆಳಿಗ್ಗೆ ಹೊರಗೆ ಕರೆದೊಯ್ಯುವುದು, ಊಟ ಹಾಕುವುದು, ಸಂಜೆ ಓಡಾಡಿಸುವುದು, ರಾತ್ರಿ ಒಳಗೆ ಸೇರಿಸಿ ಮೈ ನೋಡುವುದು. ಇವನ್ನು ಯಾರ ಹಾಳೆಯಲ್ಲಿ ಬರೆಯೋಣ ಎಂದು ಕೇಳಿದೆ. ಅಪ್ಪನೂ ಮಾಣಿಯೂ ಒಟ್ಟಿಗೇ ಆಯಿಯ ಕಡೆ ನೋಡಿದರು. ಆಯಿ ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ನಾನು ಹಿಂದೆ ಹೋಗಲಿಲ್ಲ. ಹತ್ತು ನಿಮಿಷದ ನಂತರ ಅಪ್ಪನೇ ಎದ್ದು ಹೋದರು.

ಈ ಕ್ಷಣವನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನಾಯಿ 10-12 ವರ್ಷ ಬದುಕುವ ಜೀವ. ಮಾಣಿಗೆ ಈಗ 12. ಅವನು ಕಾಲೇಜಿಗೆ ಹೋಗುವ ಹೊತ್ತಿಗೆ ನಾಯಿಗೆ 6 ವರ್ಷ. ಉಳಿದ ಅರ್ಧ ಆಯಸ್ಸು ಯಾರ ಪಾಲಿಗೆ ಅಂತ ಯಾರೂ ಕೇಳಿಕೊಳ್ಳುವುದಿಲ್ಲ. ತಳಿಯ ಬಗ್ಗೆ ಮಾತ್ರ ತಿಂಗಳುಗಟ್ಟಲೆ ಚರ್ಚೆಯಾಗುತ್ತದೆ.

ನಾನು ಅವರಿಗೆ 30 ದಿನದ ಒಂದು ಅಭ್ಯಾಸ ಕೊಟ್ಟೆ. ನಾಯಿ ಇಲ್ಲದೆಯೇ ನಾಯಿ ಸಾಕಬೇಕು. ಬೆಳಿಗ್ಗೆ 6:30ಕ್ಕೆ ಮಾಣಿ ಖಾಲಿ ಬೆಲ್ಟ್ ಹಿಡಿದು ಗದ್ದೆಯಂಚಿನ ತನಕ ಹೋಗಿ ಬರಬೇಕು. ಮಳೆ ಬಂದರೂ ಹೋಗಬೇಕು. ಸಂಜೆ ಮತ್ತೆ. ರಾತ್ರಿ 9ಕ್ಕೆ ಅಪ್ಪ ಎದ್ದು ಜಗಲಿಯ ಬಾಗಿಲು ಹಾಕಿ ಬರಬೇಕು. ತಿಂಗಳ ಆಹಾರ, ಚುಚ್ಚುಮದ್ದು, ಉಣುಗಿನ (ರಕ್ತ ಹೀರುವ ಉಣ್ಣೆ ಹುಳದ) ಔಷಧಕ್ಕೆ ಎಷ್ಟು ಬೇಕೋ ಅಷ್ಟು ದುಡ್ಡು ಡಬ್ಬಿಗೆ ಹಾಕಬೇಕು. ಆಯಿ ಯಾವುದಕ್ಕೂ ಕೈ ಹಾಕುವಂತಿಲ್ಲ, ನೆನಪಿಸುವಂತೆಯೂ ಇಲ್ಲ. ಈ ಕೊನೆಯ ನಿಯಮ ಕೇಳಿ ಆಯಿ ಮೊದಲ ಸಲ ನಕ್ಕರು.

ಆ ತಿಂಗಳು ಜುಲೈ. ಶಿರಸಿಯ ಜುಲೈ ಮಳೆ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇಕೆಂದೇ ಆ ತಿಂಗಳು ಆರಿಸಿದ್ದೆ.

ನಡುವೆ ನಾನು ಪರಿಚಯದ ಪಶುವೈದ್ಯರನ್ನು ಕಂಡು ಬಂದೆ. ನಾಯಿಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೆ. ಊರಲ್ಲಿ ಎಲ್ಲರೂ ಅವರನ್ನು ದನದ ಡಾಕ್ಟರು ಅಂತಲೇ ಕರೆಯುತ್ತಾರೆ, ಆದರೆ ನಾಯಿಗಳನ್ನೂ ಅಷ್ಟೇ ಪ್ರೀತಿಯಿಂದ ನೋಡುತ್ತಾರೆ. ಹಸ್ಕಿ ಎಂದ ಕೂಡಲೇ ತಲೆ ಅಲ್ಲಾಡಿಸಿದರು. ಸೈಬೀರಿಯಾದ ಚುಕ್ಚಿ ಜನ ಹಿಮದ ಮೇಲೆ ಗಾಡಿ ಎಳೆಯಲು ಬೆಳೆಸಿದ ನಾಯಿ ಅದು. ಮೈಮೇಲೆ ಎರಡು ಪದರ ಕೂದಲು. ನಮ್ಮ ಏಪ್ರಿಲ್ ಸೆಖೆಯಲ್ಲಿ ಏದುಸಿರು ಬಿಡುತ್ತದೆ. ಮಳೆಗಾಲದಲ್ಲಿ ಆ ದಪ್ಪ ಕೂದಲು ಬುಡದ ತನಕ ಒಣಗುವುದೇ ಇಲ್ಲ, ಒಳಗೆ ಚರ್ಮ ಕೆಡುತ್ತದೆ. ದಿನಕ್ಕೆ ಒಂದೆರಡು ಗಂಟೆ ಓಡದಿದ್ದರೆ ಮಣ್ಣು ಅಗೆಯುತ್ತದೆ, ತಪ್ಪಿಸಿಕೊಂಡು ಓಡುತ್ತದೆ. ಕಾವಲಿಗಂತೂ ಆಗುವುದಿಲ್ಲ. ಹೊಸಬರು ಬಂದರೂ ಬಾಲ ಆಡಿಸುವ ಜಾತಿ.

ರಾಟ್‌ವೀಲರ್ ಬಗ್ಗೆ ಅಪ್ಪನಿಗೆ ಕಾನೂನಿನ ಗೊಂದಲ ಇತ್ತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತ್ತು, ಅದರಲ್ಲಿ ಈ ತಳಿಯೂ ಇತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆದರೆ ನನ್ನ ಚಿಂತೆ ಕೋರ್ಟಿನದ್ದಲ್ಲ. 40-50 ಕಿಲೋ ತೂಗುವ, ಸರಿಯಾಗಿ ಕಲಿಸಲೇಬೇಕಾದ ನಾಯಿ. ಕಲಿಸಲು ಸಮಯವಿಲ್ಲದ ಅಪ್ಪ. ಎದುರಿಗೆ 4 ವರ್ಷದ ಕೂಸು, ಕೋಲು ಹಿಡಿದ ಅಜ್ಜಿ. ಇದನ್ನು ಅಪ್ಪನಿಗೆ ನೇರವಾಗಿಯೇ ಹೇಳಿದೆ. ಜರ್ಮನ್ ಶೆಫರ್ಡ್‌ಗೂ ಇದೇ ಮಾತು, ಜೊತೆಗೆ ಆ ತಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ.

ಲ್ಯಾಬ್ರಡಾರ್ ಬಗ್ಗೆ ನಾವು ಹೆಚ್ಚು ಹೊತ್ತು ಮಾತಾಡಿದೆವು. ಮಕ್ಕಳಿರುವ ಮನೆಗೆ ಅದು ಒಳ್ಳೆಯದೇ. ಸಿಟ್ಟು ಕಡಿಮೆ, ಬೇಗ ಕಲಿಯುತ್ತದೆ. ಆದರೆ ಮೊದಲ ಎರಡು ವರ್ಷ ಅದು 30 ಕಿಲೋ ತೂಕದ ಮಗು. ಪ್ರೀತಿಗೆ ಹಾರಿದರೂ ಅಜ್ಜಿ ಬೀಳುತ್ತಾರೆ. ಎಷ್ಟು ಹಾಕಿದರೂ ತಿನ್ನುತ್ತದೆ, ಬೊಜ್ಜು ಬರುತ್ತದೆ. ಜೋತ ಕಿವಿಯೊಳಗೆ ಮಳೆಗಾಲದ ತೇವ ನಿಂತು ಸೋಂಕಾಗುತ್ತದೆ. ಅಜ್ಜಿಯ ಸೊಂಟ ಗಟ್ಟಿ ಇದ್ದಿದ್ದರೆ ನಾನು ಇದನ್ನೇ ಹೇಳುತ್ತಿದ್ದೆನೇನೋ.

ಮುಧೋಳದ ನಾಯಿ ತರೋಣ, ನಮ್ಮದೇ ತಳಿ ಅಲ್ವಾ ಎಂದು ಚಿಕ್ಕಪ್ಪ ಒಬ್ಬರು ಹೇಳಿದ್ದರಂತೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ, ನನಗೂ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಅದು ಬಾಗಲಕೋಟೆ ಸೀಮೆಯ ಬಯಲಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ್ದು. ಓಡುವುದೇನಾದರೂ ಕಣ್ಣಿಗೆ ಬಿದ್ದರೆ ನಿಲ್ಲುವುದಿಲ್ಲ. ಈ ಮನೆಯಲ್ಲಿ ಕರು ಇದೆ, ಬೆಕ್ಕಿದೆ, ತೋಟದ ತುಂಬ ಮಂಗ. ಬೇಲಿಯೇ ಇಲ್ಲದ ಕಾಡಂಚು.

ಊಟದ ಪ್ರಶ್ನೆಯೂ ಇತ್ತು. ಇದು ಮಾಂಸ, ಮೊಟ್ಟೆ ಒಳಗೆ ಬಾರದ ಮನೆ. ಮೊಸರನ್ನ ಹಾಕಿ ಸಾಕಿದರಾಯಿತು ಎಂದು ಅಪ್ಪ ತಿಳಿದಿದ್ದರು. ಬರೀ ಮೊಸರನ್ನದಲ್ಲಿ ನಾಯಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ದೊಡ್ಡ ತಳಿಯ ಬೆಳೆಯುವ ಮರಿಗಂತೂ ಮೂಳೆಯೇ ಕೆಡುತ್ತದೆ. ಚೀಲದಲ್ಲಿ ಬರುವ ಒಣ ಆಹಾರವನ್ನು ಅಡಿಕೆ ಕೋಣೆಯಲ್ಲಿ ಇಟ್ಟು, ಹೊರಗೇ ಹಾಕುವುದು ಎಂದು ತೀರ್ಮಾನವಾಯಿತು. ಈರುಳ್ಳಿ ಹಾಕಿದ ಹುಳಿ, ದ್ರಾಕ್ಷಿ, ಚಾಕೊಲೇಟ್ ಕೊಡಲೇಬಾರದು ಎಂದು ಬರೆದುಕೊಟ್ಟೆ.

ಮೂರನೇ ಸಲ ನಾನೇ ಅವರ ಮನೆಗೆ ಹೋದೆ. ಅಜ್ಜಿಯನ್ನು ನೋಡಬೇಕಿತ್ತು. ಇಷ್ಟು ದಿನ ಎಲ್ಲರೂ ಅಜ್ಜಿಗೆ ಮಡಿ, ಅದಕ್ಕೇ ನಾಯಿ ಬೇಡ ಅಂತಾರೆ ಎಂದೇ ಹೇಳುತ್ತಿದ್ದರು. ಅಜ್ಜಿ ಜಗಲಿಯ ಮೂಲೆಯಲ್ಲಿ ಹೂಬತ್ತಿ ಮಾಡುತ್ತ ಕೂತಿದ್ದರು. ನಾಯಿಯ ಮಾತು ತೆಗೆಯಲಿಲ್ಲ. ಅಂಗಳದ ಕಂಬದಲ್ಲಿ ಒಂದು ಹಳೆಯ ಕಬ್ಬಿಣದ ಬಳೆ ಕಂಡಿತು. ಇದೇನು ಎಂದು ಕೇಳಿದೆ.

ಮಗ ಬೆಂಗಳೂರಿನಲ್ಲಿದ್ದ ಕಾಲದಲ್ಲಿ ಅಜ್ಜಿ ಒಬ್ಬರೇ ಇದ್ದರು. ಜೊತೆಗೆ ಒಂದು ಕಂದು ಬಣ್ಣದ ಊರ ನಾಯಿ ಇತ್ತು. ರಾತ್ರಿ ಕಾಡಿಗೆ ಓಡುತ್ತದೆ ಎಂದು ಅಜ್ಜಿ ಅದನ್ನು ಆ ಕಂಬಕ್ಕೆ ಕಟ್ಟುತ್ತಿದ್ದರು. ಒಂದು ರಾತ್ರಿ ಚಿರತೆ ಬಂತು. ನಾಯಿ ಒಂದೇ ಸಲ ಕೂಗಿತಂತೆ. ಬೆಳಿಗ್ಗೆ ಸರಪಳಿ ಮಾತ್ರ ಇತ್ತು.

"ಸರಪಳಿ ಹಾಕಿದ್ದು ಆನೇಯ (ನಾನೇ)" ಅಂದರು ಅಜ್ಜಿ. ಕೈಯಲ್ಲಿದ್ದ ಹತ್ತಿ ಹಾಗೇ ನಿಂತಿತ್ತು. ಮಗನಿಗೆ ಫೋನಿನಲ್ಲಿ ನಾಯಿ ಸತ್ತಿತು ಎಂದಷ್ಟೇ ಹೇಳಿದ್ದರಂತೆ. ಅಪ್ಪ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬಂದು ಅಜ್ಜಿಯ ಪಕ್ಕದಲ್ಲಿ ಕೂತರು. ಕಟ್ಟಿದ್ದಕ್ಕೆ ಹಾಗಾಗಿದ್ದಲ್ಲ ಎಂದು ನಾನು ಸುಳ್ಳು ಸಮಾಧಾನ ಹೇಳಲೂ ಇಲ್ಲ, ನಿಮ್ಮ ತಪ್ಪು ಎನ್ನಲೂ ಇಲ್ಲ. ಆ ಕಾಲದಲ್ಲಿ ಎಲ್ಲರೂ ಹಾಗೇ ಕಟ್ಟುತ್ತಿದ್ದರು, ನೀವು ಕಾಪಾಡಲೆಂದೇ ಕಟ್ಟಿದ್ದಿರಿ ಎಂದೆ. ಅಜ್ಜಿ ತುಂಬ ಹೊತ್ತಿನ ಮೇಲೆ ಹೇಳಿದರು: "ಯಂಗೆ (ನನಗೆ) ನಾಯಿ ಬ್ಯಾಡ ಹೇಳಿ ಅಲ್ಲ. ರಾತ್ರಿ ಹೊರಗೆ ಬ್ಯಾಡ."

ಮಡಿಯ ಪ್ರಶ್ನೆ ಅಲ್ಲಿಗೇ ಮುಗಿಯಿತು. ಹೊರಜಗಲಿಗೆ ಗಟ್ಟಿ ಜಾಲರಿ ಬಾಗಿಲು ಹಾಕಿಸಿ, ಕತ್ತಲಾಗುವ ಮೊದಲೇ ನಾಯಿಯನ್ನು ಒಳಗೆ ಸೇರಿಸುವುದು ಎಂದು ಅಜ್ಜಿಯೇ ನಿಯಮ ಮಾಡಿದರು.

30 ದಿನದ ಲೆಕ್ಕ ಬಂತು. ಮಾಣಿ 26 ದಿನ ಹೋಗಿದ್ದ. 3 ದಿನ ಜ್ವರ, ಒಂದು ದಿನ ಸೋಮಾರಿತನ ಎಂದು ಅವನೇ ಬರೆದಿದ್ದ. ಅಪ್ಪ 17 ದಿನ ಮಾತ್ರ. ಮಗನ ಹಾಳೆಯ ಪಕ್ಕ ತಮ್ಮ ಹಾಳೆ ಇಟ್ಟಾಗ ಅವರ ಮುಖ ಸಣ್ಣದಾಯಿತು.

ನಾನು ಕೊಟ್ಟ ಸಲಹೆ ಇಷ್ಟು. ಮರಿ ಬೇಡ. ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ, ಎರಡು ಗಂಟೆಗೊಮ್ಮೆ ಹೊರಗೆ ಒಯ್ಯುವ ಕೆಲಸ. ಹಗಲಲ್ಲಿ ಅದು ಆಯಿಯ ತಲೆಗೇ ಬರುತ್ತದೆ. ಒಂದೂವರೆ, ಎರಡು ವರ್ಷದ, ಸ್ವಭಾವ ಗೊತ್ತಿರುವ, ಸಂತಾನಹರಣ ಚಿಕಿತ್ಸೆ ಆದ ಹೆಣ್ಣು ಊರ ನಾಯಿ ಹುಡುಕಿ. ಗಿಡ್ಡ ಕೂದಲು, 15-20 ಕಿಲೋ ಮೈ, ಇಲ್ಲಿಯ ಮಳೆಗೆ ಒಗ್ಗಿದ ಜೀವ. ಹೊಸಬರು ಬಂದರೆ ಬೊಗಳಿಯೇ ಬೊಗಳುತ್ತದೆ. ಈ ಮನೆಗೆ ಬೇಕಾದ ಕಾವಲು ಅಷ್ಟೇ. ತರುವ ಮೊದಲು ಮೂರು ಸಲ ಹೋಗಿ ನೋಡಿ. ಒಮ್ಮೆ ಕೂಸನ್ನೂ ಕರೆದೊಯ್ಯಿರಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಪ್ರತಿ ವರ್ಷ ತಪ್ಪಬಾರದು. ಅಡಿಕೆ ಕೋಣೆಯಲ್ಲಿ ಇಲಿ ಇರುವುದರಿಂದ ಇಲಿಜ್ವರದ ಲಸಿಕೆಯೂ ಬೇಕು.

ಮಂಗನ ಕಾಯಿಲೆಯ ಭಯ ಆಯಿಗೆ ಇತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ ಅದು, ನಮ್ಮ ಸಿದ್ದಾಪುರ ಕಡೆ ಜೀವ ತೆಗೆದಿದೆ. ಭಯ ಸಹಜ. ಅದನ್ನು ಹರಡುವುದು ಕಾಡಿನ ಉಣುಗು. ನಾಯಿ ಕಾಡಿಗೆ ಹೋದರೆ ಉಣುಗನ್ನು ಮೈಮೇಲೆ ಹೊತ್ತು ತರಬಹುದು. ಹಾಗಾಗಿ ಡಿಸೆಂಬರಿನಿಂದ ಮೇ ತನಕ ದರಕು (ಒಣಗಿದ ಎಲೆ) ತರುವಾಗ ನಾಯಿಯನ್ನು ಬೆಟ್ಟಕ್ಕೆ ಕರೆದೊಯ್ಯಬೇಡಿ. ವೈದ್ಯರು ಹೇಳಿದ ಉಣುಗಿನ ಔಷಧ ತಪ್ಪಿಸಬೇಡಿ. ರಾತ್ರಿ ಕಿವಿ, ಕಾಲ್ಬೆರಳ ಸಂದು ನೋಡುವ ಕೆಲಸ ಅಪ್ಪನದ್ದು.

ಕೂಸಿನ ವಿಷಯಕ್ಕೆ ಒಂದು ಗಂಟೆ ಬೇರೆ ಕೊಟ್ಟೆ. ನಾಯಿ ಉಣ್ಣುವಾಗ, ಮಲಗಿದಾಗ ಮುಟ್ಟಬಾರದು. ಅಪ್ಪಿ ಹಿಡಿಯಬಾರದು. ಹತ್ತಿರ ಬಂದು ಹೆದರಿಕೆಯಾದರೆ ಓಡದೆ ಅಡಿಕೆ ಮರದ ಹಾಗೆ ಸೀದಾ ನಿಲ್ಲಬೇಕು. ಅಂಗಳದಲ್ಲಿ ಆಟವಾಗಿ ಆಡಿದೆವು. ಕೂಸು ಒಳ್ಳೆ ಅಡಿಕೆ ಮರವಾಯಿತು. ಆದರೂ ದೊಡ್ಡವರಿಲ್ಲದೆ ಇಬ್ಬರನ್ನೇ ಬಿಡಬೇಡಿ. ಚಿಕ್ಕ ಮಕ್ಕಳನ್ನು ಹೆಚ್ಚಾಗಿ ಕಚ್ಚುವುದು ಗೊತ್ತಿರುವ ನಾಯಿಗಳೇ. ಹಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು, ಮನೆಯ ನಾಯಿಯೇ ಆದರೂ.

ಮಾಣಿಗೆ ಊರ ನಾಯಿ ಎಂದಾಗ ಬೇಸರವಾಯಿತು. ಅದನ್ನು ಮುಚ್ಚಿಡಲಿಲ್ಲ. ಅಪ್ಪನಿಗೆ ಆಗಲೇ ಗೆಳೆಯರ ವಿಷಯ ಗೊತ್ತಿತ್ತು. ದಸರಾ ರಜೆಯಲ್ಲಿ ಮಗನನ್ನು 4 ದಿನ ಬೆಂಗಳೂರಿಗೆ ಕರೆದೊಯ್ದರು. ಬರುವಾಗ ಒಬ್ಬ ಗೆಳೆಯನೂ ಜೊತೆಗೆ ಬಂದ.

ನಾಯಿ ಬಂದಿದ್ದು ಕಾರವಾರದಿಂದ. ವರ್ಗಾವಣೆಯಾಗಿ ಹೋಗುತ್ತಿದ್ದ ಒಂದು ಕುಟುಂಬದ್ದು, ಎರಡು ವರ್ಷದ ಹೆಣ್ಣು, ಒಂದು ಕಿವಿ ಬಿಳಿ. ಮೂರು ಸಲ ನೋಡಲು ದೂರವಾಯಿತು, ಎರಡು ಸಲ ಹೋದರು. ಮೊದಲ ವಾರ ಅದು ಊಟ ಬಿಟ್ಟು ಗೇಟಿನ ಹತ್ತಿರವೇ ಮಲಗುತ್ತಿತ್ತಂತೆ. ಮಾಣಿ ಪಕ್ಕದಲ್ಲಿ ಚಾಪೆ ಹಾಕಿ ಓದುತ್ತ ಕೂತಿದ್ದ. ಈಗ ಸಂಜೆ ಶಾಲೆಯ ಬಸ್ಸಿನ ಸದ್ದಿಗೆ ತಿರುವಿನ ತನಕ ಓಡುತ್ತದೆ. ಕತ್ತಲಾಗುವ ಮೊದಲು ಜಾಲರಿ ಬಾಗಿಲ ಚಿಲಕ ಹಾಕುವುದು ಅಜ್ಜಿ. ಆ ಕೆಲಸ ಬೇರೆ ಯಾರಿಗೂ ಕೊಡುವುದಿಲ್ಲ.

ಅಪ್ಪ ರಾತ್ರಿ ಮೈ ನೋಡುವುದನ್ನು ಇನ್ನೂ ವಾರಕ್ಕೆ ಎರಡು ದಿನ ಮರೆಯುತ್ತಾರೆ. ಆ ದಿನ ಆಯಿ ಟಾರ್ಚ್ ಹಿಡಿದು ಕೂರುತ್ತಾರೆ. ಮುಂದಿನ ಭೇಟಿ ದೀಪಾವಳಿ ಕಳೆದ ಮೇಲೆ ಇಟ್ಟುಕೊಂಡಿದ್ದೇವೆ. ಅವರಿಬ್ಬರೇ ಬರುತ್ತಾರೆ. ಆಯಿಯ ಹಾಳೆಯನ್ನು ಜೊತೆಗೆ ತರಲು ಹೇಳಿದ್ದೇನೆ.