ಎರೆಮಣ್ಣಿನ ಹಿತ್ತಲಿಗೆ ಕೃತಕ ಹುಲ್ಲು

ಪ್ರಶ್ನೆ: ಅಕ್ಕಾ, ನಮ್ಮದು ಗದಗ. ಹಿತ್ತಲು 20 ಅಡಿ ಉದ್ದ, 15 ಅಡಿ ಅಗಲ, ಪೂರ್ತಿ ಎರೆಮಣ್ಣು. ಮನೆಯಲ್ಲಿ ಒಂದು ಮುಧೋಳ ನಾಯಿ, ಒಂದು ಲ್ಯಾಬ್ರಡಾರ್ ಇವೆ. ಮಳೆಗಾಲ ಬಂತೆಂದರೆ ಅವುಗಳ ಪಾದಕ್ಕೆ ಮೆತ್ತಿದ ಕೆಸರು ಅಡುಗೆಮನೆಯವರೆಗೂ ಬರುತ್ತದೆ. ಗರಿಕೆ ಹಚ್ಚಿ ನೋಡಿದೆವು, ಮೂತ್ರ ಬಿದ್ದಲ್ಲೆಲ್ಲ ಸುಟ್ಟುಹೋಯಿತು. ಈಗ ಕೃತಕ ಹುಲ್ಲು ಹಾಸುವ ಆಲೋಚನೆ. ಮಣ್ಣು ಮಟ್ಟ ಮಾಡಿ ಸುರುಳಿ ಬಿಚ್ಚಿದರೆ ಆಯಿತು, ಒಂದೇ ದಿನದ ಕೆಲಸ ಎನ್ನುತ್ತಾರೆ ಅಂಗಡಿಯವರು. ಹಾಸಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಹಾಸಬಹುದು. ಆದರೆ ದಯವಿಟ್ಟು ಆ ಒಂದು ದಿನದ ಮಾತಿಗೆ ಒಪ್ಪಬೇಡಿ. ನವಲಗುಂದದ ನಮ್ಮ ಹಿತ್ತಲಿನಲ್ಲಿ ಅದೇ ಮಾತು ನಂಬಿ ಬರಿ ಮಣ್ಣಿನ ಮೇಲೆ ಹಾಸಿಸಿದ್ದೆ. ಬೇಸಿಗೆ ಚೆನ್ನಾಗಿಯೇ ಕಳೆಯಿತು. ಜುಲೈ ಹೊತ್ತಿಗೆ ಕಾಲಿಟ್ಟಲ್ಲೆಲ್ಲ ಹೆಜ್ಜೆಯ ಸುತ್ತ ನೀರು ಜಿನುಗತೊಡಗಿತು. ಒಂದು ಮೂಲೆ ಎತ್ತಿದೆ. ಕರಿಮಣ್ಣು ಹಾಸಿನ ಬೆನ್ನಿಗೆ ಅಂಟಿಕೊಂಡು, ನೀರಿಳಿಯುವ ತೂತುಗಳಲ್ಲಿ ಒಂದೊಂದರಲ್ಲೂ ಮೆತ್ತಿ ಕುಳಿತಿತ್ತು. ಕಣ್ಣಿನಲ್ಲಿ ನೀರು ಬರುವಷ್ಟು ಘಾಟು. ನಮ್ಮ ನಾಯಿ ಚೆನ್ನಿ ಅದಕ್ಕೂ ಎರಡು ವಾರ ಮೊದಲೇ ಆ ಮೂಲೆಗೆ ಹೋಗುವುದನ್ನು ಬಿಟ್ಟಿದ್ದಳು. ಅವಳು ಹೇಳಿದ್ದು ನನಗೆ ತಿಳಿಯಲಿಲ್ಲವಲ್ಲ ಎಂಬ ನೋವು ಈಗಲೂ ಇದೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಉಬ್ಬಿದಾಗ ಒಳಗಿನ ಸಂದುಗಳೆಲ್ಲ ಮುಚ್ಚಿ ನೀರು ಕೆಳಗಿಳಿಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹೀಗೆ ಹಿಡಿದಿಟ್ಟ ಹಸಿಯಲ್ಲೇ ನಮ್ಮ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಬೆಳೆಯುವುದು. ಹಿತ್ತಲಿನಲ್ಲಿ ಅದು ಹಿಡಿದಿಡುವುದು ನಾಯಿಯ ಮೂತ್ರವನ್ನು. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ, ಘಾಟು ಅದರದೇ. ನಂಬಿಕೆಯಾಗದಿದ್ದರೆ ಮಳೆಗಾಲದಲ್ಲಿ ಒಂದು ಅಡಿ ಆಳದ ಕುಳಿ ತೋಡಿ ಸಂಜೆ ನೀರು ತುಂಬಿಸಿಡಿ. ಬೆಳಿಗ್ಗೆ ಎಷ್ಟು ಉಳಿದಿದೆ ಎಂದು ನೀವೇ ನೋಡುತ್ತೀರಿ.

ಆದ್ದರಿಂದ ನೀರನ್ನು ಕೆಳಕ್ಕೆ ಇಳಿಸುವ ಆಸೆ ಬಿಟ್ಟು ಪಕ್ಕಕ್ಕೆ ಹರಿಸಬೇಕು. ಮೇಲಿನ ಆರು ಇಂಚು ಮಣ್ಣು ತೆಗೆಸಿ. ಉಳಿದ ಮಣ್ಣಿಗೇ ಇಳಿಜಾರು ಕೊಡಿಸಿ: ಮನೆಯ ಗೋಡೆಯ ಕಡೆಯಿಂದ ಹೊರಕ್ಕೆ 15 ಅಡಿಗೆ ಮೂರು ಇಂಚು. ಮೇಲೆ ಹಾಕುವ ಕಡಿಯಲ್ಲಿ (ಜಲ್ಲಿಕಲ್ಲಿನಲ್ಲಿ) ಮಾತ್ರ ಇಳಿಜಾರು ಮಾಡಿ ತಳವನ್ನು ಮಟ್ಟವಾಗಿ ಬಿಟ್ಟರೆ ನೀರು ಕಡಿಯ ಅಡಿಯಲ್ಲೇ ನಿಲ್ಲುತ್ತದೆ. ಈ ಕೆಲಸ ನಡೆಯುವಾಗ ನೀವು ಪಕ್ಕದಲ್ಲಿ ನಿಂತಿರಿ, ನೀರಿನ ಮಟ್ಟದ ಕೊಳವೆ ಹಿಡಿದು ನೋಡಿ. ಇಳಿಜಾರಿನ ತುದಿಗೆ ಒಂದು ಅಡಿ ಆಳದ ಕಾಲುವೆ ತೋಡಿಸಿ, ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪ್ ಮಲಗಿಸಿ, ಸುತ್ತ ಕಡಿ ತುಂಬಿಸಿ, ಗಟಾರಕ್ಕೆ ದಾರಿ ಮಾಡಿಸಿ. ಇಂಗುಗುಂಡಿಯ ಸಲಹೆ ಯಾರಾದರೂ ಕೊಟ್ಟರೆ ಬೇಡವೆನ್ನಿ. ಎರೆಮಣ್ಣಿನಲ್ಲಿ ಅದು ತುಂಬಿ ನಿಲ್ಲುವ ಹೊಂಡವಾಗುತ್ತದೆ.

ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿಸಿ. ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ ಅದು. ಇಲ್ಲದಿದ್ದರೆ ಎರಡೇ ಮಳೆಗಾಲದಲ್ಲಿ ಕೆಸರು ಕಡಿಯೊಳಗೆ ಏರಿಬರುತ್ತದೆ. ಅದರ ಮೇಲೆ 20 ಮಿ.ಮೀ. ಕಡಿ ನಾಲ್ಕು ಇಂಚು, ಮೇಲೆ ಸಣ್ಣ ಕಡಿ ಎರಡು ಇಂಚು, ದಮ್ಮಸ್ಸು ಮಾಡಿ. ನಿಮ್ಮ ಹಿತ್ತಲಿನ ಪೂರ್ತಿ ಅಳತೆಗೆ ಒಟ್ಟು ಒಂದೂವರೆ ಬ್ರಾಸ್, ಅಂದರೆ 150 ಘನ ಅಡಿ ಆಗುತ್ತದೆ. ಅಗ್ಗವೆಂದು ಗರಸು ಹಾಕಿಸಬೇಡಿ. ಅದರಲ್ಲಿರುವ ಮಣ್ಣಿನಂಶ ಬಿಗಿದುಕೊಳ್ಳುತ್ತದೆ. ರಸ್ತೆಗೆ ಅದು ಒಳ್ಳೆಯದು, ಇಲ್ಲಿ ಬೇಡ. ಕ್ರಷರ್ ಪುಡಿಯೂ ಬೇಡ. ಅಂಚಿಗೆ ಸಿಮೆಂಟಿನಲ್ಲಿ ಕಲ್ಲು ಕೂರಿಸಿ. ಹಾಸನ್ನು ಹಿಡಿಸಲು ಬರಿ ಮಣ್ಣಿಗೆ ಹೊಡೆದ ಮೊಳೆಗಳು ಮಣ್ಣು ಉಬ್ಬಿ ಕುಗ್ಗುವಾಗ ಸಡಿಲವಾಗಿ ಮೇಲೇಳುತ್ತವೆ, ನಾಯಿಯ ಪಾದಕ್ಕೆ ಚುಚ್ಚುತ್ತವೆ. ನೆಲ ಬಿರಿದಿರುವ ಏಪ್ರಿಲ್–ಮೇ ತಿಂಗಳಿನಲ್ಲಿ ಈ ಕೆಲಸ ಹಿಡಿಯಬೇಡಿ. ದೀಪಾವಳಿ ಕಳೆದ ಮೇಲೆ, ಮಣ್ಣು ಅತ್ತ ಕೆಸರೂ ಅಲ್ಲದೆ ಇತ್ತ ಬಿರುಕೂ ಬಿಡದೆ ಇರುವಾಗ ಮಾಡಿಸಿ.

ಹುಲ್ಲು ಕೊಳ್ಳುವಾಗ 25ರಿಂದ 30 ಮಿ.ಮೀ. ಎತ್ತರದ್ದು ಸಾಕು, ದಟ್ಟವಾದ ಉದ್ದ ಹುಲ್ಲಿನಲ್ಲಿ ಮಲ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲೇ ತುಂಡೊಂದನ್ನು ಎತ್ತಿ ಹಿಡಿದು ಒಂದು ಲೋಟ ನೀರು ಸುರಿಯಿರಿ, ತಡವಿಲ್ಲದೆ ಕೆಳಗಿಳಿಯಬೇಕು. ಹುಲ್ಲಿನ ಎಳೆಗಳ ನಡುವೆ ಉದುರಿಸುವ ಮರಳಿನ ಬದಲು ಜಿಯೋಲೈಟ್ ಎಂಬ ಖನಿಜದ ಹರಳು ಉದುರಿಸಿದರೆ ಅಮೋನಿಯಾವನ್ನು ಅದು ಸಾಕಷ್ಟು ಹಿಡಿಯುತ್ತದೆ.

ಇನ್ನು ಬಿಸಿಲು. ಗದಗದ ಏಪ್ರಿಲ್ ಮಧ್ಯಾಹ್ನ ಇಂಥ ಹುಲ್ಲಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ, ಪಾದ ಸುಡುತ್ತದೆ. ಅಂಗೈಯ ಹಿಂಬದಿಯನ್ನು ಹುಲ್ಲಿಗೆ ಒತ್ತಿ ಐದು ಎಣಿಸಲು ನಿಮಗೆ ಆಗದಿದ್ದರೆ ನಾಯಿಯನ್ನು ಬಿಡಬೇಡಿ. ನೆರಳಿನ ಬಲೆ ಕಟ್ಟಿಸಿ. ಹಿತ್ತಲನ್ನು ಪೂರ್ತಿ ಮುಚ್ಚಲೂಬೇಡಿ. ಒಂದು ತುದಿಯಲ್ಲಿ ಐದು ಅಡಿ ಮಣ್ಣನ್ನು ಹಾಗೆಯೇ ಉಳಿಸಿ, ಮೇಲೆ ಒಂದಿಷ್ಟು ಮರಳು ಹರಡಿ. ನಾಯಿ ನೆಲ ಕೆರೆದು, ತಂಪು ಹುಡುಕಿ ಮಲಗುವ ಪ್ರಾಣಿ. ಅದಕ್ಕೆ ನೆಲವೇ ಇಲ್ಲದಂತೆ ಮಾಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಪ್ರಶ್ನೆ: ನಾವು ಕೃತಕ ಹುಲ್ಲು ಹಾಸಿ ಒಂದು ವರ್ಷವಾಯಿತು, ವಾಸನೆ ತಡೆಯಲಾಗುತ್ತಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ತೊಳೆಯಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಖಂಡಿತ ಬೇಡ. ಬ್ಲೀಚಿಂಗ್ ಪುಡಿ ಅಮೋನಿಯಾದೊಂದಿಗೆ ಸೇರಿದರೆ ವಿಷಗಾಳಿ ಹುಟ್ಟುತ್ತದೆ. ಅದು ನಿಮಗೂ ಅಪಾಯ, ಮೂಗನ್ನು ನೆಲಕ್ಕೇ ಇಟ್ಟು ಓಡಾಡುವ ನಾಯಿಗೆ ಇನ್ನೂ ಅಪಾಯ. ಫಿನೈಲ್ ಕೂಡ ಬೇಡ, ಪಾದಕ್ಕೆ ಮೆತ್ತಿದ್ದನ್ನು ನಾಯಿ ನೆಕ್ಕುತ್ತದೆ. ಮೊದಲು ಒಂದು ಮೂಲೆ ಎತ್ತಿ ನೋಡಿ. ಕೆಳಗೆ ಕಡಿಯಿದ್ದು ನೀರು ಹರಿಯುತ್ತಿದ್ದರೆ, ನಾಯಿ ಮೂತ್ರ ಮಾಡುವ ಜಾಗಕ್ಕೆ ದಿನವೂ ಒಂದು ಬಕೆಟ್ ನೀರು ಸುರಿದು, ವಾರಕ್ಕೊಮ್ಮೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣದಿಂದ ತೊಳೆದರೆ ತಹಬಂದಿಗೆ ಬರುತ್ತದೆ. ಕೆಳಗೆ ಬರಿ ಮಣ್ಣೇ ಇದ್ದರೆ ಮೇಲಿನಿಂದ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಹಾಸನ್ನು ಸುತ್ತಿ ಎತ್ತಿಡಿ, ಬೆನ್ನಿಗೆ ಮೆತ್ತಿದ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ಬಿಸಿಲಿಗೆ ಒಣಗಿಸಿ, ಮೇಲೆ ಗದಗದ ಓದುಗರಿಗೆ ಹೇಳಿದಂತೆ ತಳ ಮಾಡಿಸಿ ಅದನ್ನೇ ಮತ್ತೆ ಹಾಸಿ. ನಮ್ಮ ಮನೆಯಲ್ಲಿ ಈಗ ಇರುವುದು ಹಾಗೆ ತೊಳೆದು ಹಾಸಿದ ಹಳೆಯ ಹುಲ್ಲೇ.